ಕ್ರ್ಯಾಶ್ ಟೂಲ್‌ಗೆ ಬಂದ ಬಗ್ ಫಿಕ್ಸ್ ರಿವ್ಯೂ ಮಾಡೋದು ಹೇಗೆ? ಪದೇ ಪದೇ ಕೇಳೋ ಪ್ರಶ್ನೆಗಳು

ಟೀಮಿಗೆ ಹೊಸಬರು ಬಂದಾಗೆಲ್ಲ ಇವೇ ಪ್ರಶ್ನೆ ಬರುತ್ವೆ, ಪ್ರತಿ ಸಲ ಕಾಫಿ ಲೋಟ ಹಿಡ್ಕೊಂಡು ಮೊದ್ಲಿಂದ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಒಂದ್ಕಡೆ ಬರೆದಿಟ್ಟಿದೀನಿ. ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಬಿದ್ದಾಗ ಉಳಿಸಿದ ಮೆಮೊರಿ ಫೈಲು, ಅಂದ್ರೆ ಡಂಪು, ಬಿಚ್ಚಿ ನೋಡೋ "ಕ್ರ್ಯಾಶ್" ಅನ್ನೋ ಟೂಲ್ ಇದ್ಯಲ್ಲ, ಅದಕ್ಕೆ ಯಾರೋ ಒಬ್ರು ಫಿಕ್ಸ್ ಕಳಿಸಿರ್ತಾರೆ, ಸ್ವಲ್ಪ ನೋಡಿ ಹೇಳಿ ಅಂತ ನಿಮ್ ತಲೆಗೆ ಬರುತ್ತೆ. ಆಗ ಏನ್ ನೋಡ್ಬೇಕು, ಏನ್ ಬಿಡ್ಬೇಕು ಅನ್ನೋದು ಇಲ್ಲಿದೆ. ಕಮಾಂಡು ಫೀಲ್ಡು ಎಲ್ಲದ್ರ ಹೆಸ್ರೂ ಕನ್ನಡದಲ್ಲೇ ಬರ್ದಿದೀನಿ, ಈ ಕೆಲಸ ಮಾಡೋರಿಗೆ ಅರ್ಥ ಆಗುತ್ತೆ.

ಮೊದ್ಲು ಇದನ್ನ ಹೇಳಿ, ಕ್ರ್ಯಾಶ್ ಅಂದ್ರೆ ಕರ್ನಲ್ ಬಿದ್ದಿದ್ದಾ ಇಲ್ಲಾ ಟೂಲಾ?

ಎರಡೂ. ಹೆಸರಿಟ್ಟೋರನ್ನ ಬೈಕೊಳ್ಳಿ. ಕರ್ನಲ್ ಪ್ಯಾನಿಕ್ ಆದಾಗ ಮೆಮೊರಿಲಿ ಇದ್ದಿದ್ದನ್ನ ಫೈಲಿಗೆ ಇಳಿಸೋದು ಕೆಡಂಪ್ ಕೆಲಸ. ಬೂಟ್ ಆಗೋವಾಗ್ಲೇ ಒಂದಿಷ್ಟು ಮೆಮೊರಿ, 256 ಎಂಬಿ ಅಂತಿಟ್ಕೊಳ್ಳಿ, ಪಕ್ಕಕ್ಕೆ ಎತ್ತಿಟ್ಟಿರ್ತೀವಿ, ಮೊದಲ್ನೇ ಕರ್ನಲ್ ಸತ್ತ ತಕ್ಷಣ ಕೆಎಕ್ಸೆಕ್ (ಪೂರ್ತಿ ರೀಬೂಟ್ ಇಲ್ದೆ ಇನ್ನೊಂದು ಕರ್ನಲ್‌ಗೆ ಹಾರೋ ದಾರಿ) ಮೂಲಕ ಎರಡನೇ ಕರ್ನಲ್ ಆ ಜಾಗದಿಂದ ಎದ್ದು ಸತ್ತಿದ್ದರ ಮೆಮೊರಿನ ವಿಎಂಕೋರ್ ಅನ್ನೋ ಫೈಲಾಗಿ ಉಳಿಸುತ್ತೆ. ಇದು 2005ರಲ್ಲಿ 2.6.13 ಕರ್ನಲ್ ಜೊತೆ ಬಂದಿದ್ದು, ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದೋರ ಕೈ ಕೂಡ ಇದ್ರಲ್ಲಿದೆ, ಇದು ನಮ್ಮೂರಲ್ಲೇ ಸುಮಾರು ಜನಕ್ಕೆ ಗೊತ್ತಿಲ್ಲ.

ಆ ಫೈಲನ್ನ ಬಿಚ್ಚಿ "ಯಾವ ಟಾಸ್ಕ್ ಓಡ್ತಿತ್ತು, ಯಾವ ಲಾಕ್ ಹಿಡ್ಕೊಂಡಿತ್ತು, ಕೊನೇ ಲಾಗ್ ಏನು" ಅಂತ ತೋರ್ಸೋದು ಕ್ರ್ಯಾಶ್ ಟೂಲು. ಡೇವಿಡ್ ಆಂಡರ್ಸನ್ ಅನ್ನೋರು ಬರೆದಿದ್ದು, ಹಳೇ ಯುನಿಕ್ಸ್‌ನಲ್ಲಿದ್ದ ಕ್ರ್ಯಾಶ್ ಕಮಾಂಡಿನ ಥರದ್ದೇ, ಆದ್ರೆ ಹೊಟ್ಟೆ ಒಳಗೆ ಪೂರ್ತಿ ಜಿಡಿಬಿ (ಪ್ರೋಗ್ರಾಂ ಒಳಗೆ ಇಣುಕಿ ತಪ್ಪು ಹುಡುಕೋ ಡೀಬಗರ್) ಕೂತಿದೆ. ಈ ಪೇಜಲ್ಲಿ ಇನ್ಮುಂದೆ ಕ್ರ್ಯಾಶ್ ಅಂದ್ರೆ ಟೂಲು, ಕರ್ನಲ್ ಬಿದ್ದಿದ್ದಕ್ಕೆ ಪ್ಯಾನಿಕ್ ಅಂತೀನಿ.

ಇಷ್ಟು ವರ್ಷದ ಟೂಲು, ಇನ್ನೂ ಯಾಕೆ ಬಗ್ ಬರ್ತಾನೇ ಇರುತ್ತೆ?

ಟೂಲಲ್ಲಿ ತಪ್ಪಿಲ್ದಿದ್ರೂ ಕೆಡುತ್ತೆ, ಅದೇ ಇದರ ಹಣೆಬರಹ. ಕರ್ನಲ್ ಒಳಗಿನ ಸ್ಟ್ರಕ್ಚರ್‌ಗಳು (ಮಾಹಿತಿನ ಫೀಲ್ಡ್ ಫೀಲ್ಡಾಗಿ ಜೋಡಿಸಿಡೋ ಚೌಕಟ್ಟುಗಳು) ಹಿಂಗೇ ಇರುತ್ವೆ ಅಂತ ಯಾರೂ ಯಾರಿಗೂ ಮಾತು ಕೊಟ್ಟಿಲ್ಲ, ಕರ್ನಲ್‌ನೋರು ಅವರ ಪಾಡಿಗೆ ಬದಲಾಯಿಸ್ತಾ ಹೋಗ್ತಾರೆ, ಕ್ರ್ಯಾಶ್ ಹಿಂದೆ ಹಿಂದೆ ಓಡ್ಬೇಕು. 5.10 ಕರ್ನಲ್‌ನಲ್ಲಿ ಪ್ರಿಂಟ್‌ಕೆ ಬಫರ್ (ಕರ್ನಲ್ ಲಾಗ್ ಇಡೋ ಜಾಗ) ಪೂರ್ತಿ ಹೊಸದಾಯ್ತು, ಲಾಗ್ ಕಮಾಂಡಿಗೆ ಹೊಸ ಕೋಡೇ ಬರೀಬೇಕಾಯ್ತು. 5.14ರಲ್ಲಿ ಟಾಸ್ಕ್ ಸ್ಟ್ರಕ್ಟ್ (ಒಂದೊಂದು ಟಾಸ್ಕಿನ ವಿವರ ಇಡೋ ಸ್ಟ್ರಕ್ಚರ್) ಒಳಗಿನ ಸ್ಟೇಟ್ ಅನ್ನೋ ಫೀಲ್ಡಿನ ಹೆಸರು ಬದಲಾಯ್ತು. 5.17ರಲ್ಲಿ ಸ್ಲ್ಯಾಬ್ (ಕರ್ನಲ್ ತನ್ನ ಕೆಲಸಕ್ಕೆ ಮೆಮೊರಿನ ಸಣ್ಣ ತುಂಡಾಗಿ ಹಂಚೋ ವ್ಯವಸ್ಥೆ) ಅನ್ನೋದು ಪೇಜ್ ಸ್ಟ್ರಕ್ಚರಿಂದ ಬೇರೆ ಮನೆ ಮಾಡ್ತು. 6.1ರಲ್ಲಿ ಮೇಪಲ್ ಟ್ರೀ ಬಂದು ವಿಎಂಎ ಲಿಸ್ಟ್ (ಪ್ರಾಸೆಸ್ಸಿನ ಮೆಮೊರಿ ಭಾಗಗಳ ಪಟ್ಟಿ) ಹೋಯ್ತು, ವಿಎಂ ಕಮಾಂಡ್ ಗಾಳಿಗೆ. 6.2ರಲ್ಲಿ ಆರ್‌ಎಸ್‌ಎಸ್ (ಪ್ರಾಸೆಸ್ ಬಳಸ್ತಿರೋ ಮೆಮೊರಿ) ಲೆಕ್ಕ ಪರ್‌ಸಿಪಿಯು, ಅಂದ್ರೆ ಪ್ರತಿ ಸಿಪಿಯುಗೆ ಬೇರೆ ಬೇರೆ, ಆಯ್ತು, 6.4ರಲ್ಲಿ ಮಾಡ್ಯೂಲಿನ ಮೆಮೊರಿ ಲೇಔಟ್ ಬದಲಾಯ್ತು. ಹಿಂಗೆ ಮನೆ ಮಾಲೀಕ ದಿನಾ ಗೋಡೆ ಸರಿಸ್ತಿದ್ರೆ ಕರೆಂಟಿನೋನು ಏನ್ ಮಾಡ್ಬೇಕು ಹೇಳಿ.

ಪ್ಯಾಚ್ (ಫಿಕ್ಸ್ ಮಾಡೋ ಕೋಡ್ ಬದಲಾವಣೆ) ಬಂತು. ಮೊದಲು ಕೋಡ್ ಓದ್ಲಾ?

ಬೇಡ. ಮೊದಲು ಕಮಿಟ್ ಮೆಸೇಜ್, ಅಂದ್ರೆ ಬದಲಾವಣೆ ಜೊತೆ ಬರೆದಿರೋ ವಿವರಣೆ, ಓದಿ. ಅದ್ರಲ್ಲಿ ಮೂರು ವಿಷಯ ಇದ್ಯಾ ನೋಡಿ, ಯಾವ ಕಮಾಂಡ್ ಕೊಟ್ಟಾಗ ಏನ್ ಎರರ್ ಬಂತು ಅದರ ಪೂರ್ತಿ ಟೆಕ್ಸ್ಟು, ಕರ್ನಲ್‌ನ ಯಾವ ಕಮಿಟ್ಟಿಂದ ಹಿಂಗಾಯ್ತು, ಫಿಕ್ಸ್ ಆದ್ಮೇಲೆ ಔಟ್‌ಪುಟ್ ಹೆಂಗಿದೆ. ಕರ್ನಲ್ ಕಮಿಟ್ ಹೆಸರಿಲ್ದೆ "ಹೊಸ ಕರ್ನಲ್‌ಗೆ ಫಿಕ್ಸ್" ಅಂತ ಮಾತ್ರ ಇದ್ರೆ ಅಲ್ಲೇ ನಿಲ್ಸಿ ಕೇಳಿ, ನಾಚ್ಕೋಬೇಡಿ. ಯಾಕಂದ್ರೆ ಆ ಕರ್ನಲ್ ಕಮಿಟ್ ಓದದೆ ಈ ಫಿಕ್ಸ್ ಸರಿಯೋ ತಪ್ಪೋ ಹೇಳಕ್ಕಾಗಲ್ಲ, ಫೀಲ್ಡಿನ ಹೆಸರು ಮಾತ್ರ ಬದಲಾಯ್ತಾ, ಟೈಪೂ ಬದಲಾಯ್ತಾ, ಅರ್ಥವೇ ಬದಲಾಯ್ತಾ ಅನ್ನೋದು ಅಲ್ಲಿ ಮಾತ್ರ ಗೊತ್ತಾಗೋದು.

ಆಮೇಲೆ ಪ್ಯಾಚ್ ಹಾಕದೇ ಇರೋ ಟೂಲಲ್ಲಿ ಅದೇ ಎರರ್ ನಿಮಗೂ ಬರುತ್ತಾ ನೋಡಿ. ಇದನ್ನ ಸುಮಾರು ಜನ ಬಿಟ್ಬಿಡ್ತಾರೆ. ಬಗ್ಗೇ ಕಾಣದೆ ಫಿಕ್ಸ್ ಸರಿ ಇದೆ ಅನ್ನೋದು ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗೆ.

ಒಂದು ನಿಜವಾದ ಉದಾಹರಣೆ ತಗೊಂಡು ಹೇಳಿ.

5.14ರ ಸ್ಟೇಟ್ ಫೀಲ್ಡನ್ನೇ ತಗೊಳ್ಳಣ, ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಮುಂಚೆ ಟಾಸ್ಕ್ ಸ್ಟ್ರಕ್ಟ್ ಒಳಗೆ ಸ್ಟೇಟ್ ಅನ್ನೋದು ವೊಲಟೈಲ್ ಲಾಂಗ್ ಆಗಿತ್ತು. 5.14ರಲ್ಲಿ ಅದರ ಮುಂದೆ ಎರಡು ಅಂಡರ್‌ಸ್ಕೋರ್ ಹಾಕಿದ್ರು, ಯಾರೂ ನೇರವಾಗಿ ಮುಟ್ಟದೆ ಇರ್ಲಿ ಅಂತ. ಹಳೇ ಕ್ರ್ಯಾಶ್‌ನಲ್ಲಿ 5.14ರ ಡಂಪ್ ತೆಗೆದ್ರೆ "ಇನ್‌ವ್ಯಾಲಿಡ್ ಸ್ಟ್ರಕ್ಚರ್ ಮೆಂಬರ್ ಆಫ್‌ಸೆಟ್, ಟಾಸ್ಕ್ ಸ್ಟ್ರಕ್ಟ್ ಸ್ಟೇಟ್" ಅಂತ ಫೈಲು, ಲೈನು, ಫಂಕ್ಷನ್ ಸಮೇತ ಬೈದು ನಿಲ್ಲುತ್ತೆ. ಮೆಂಬರ್ ಅಂದ್ರೆ ಫೀಲ್ಡೇ, ಆಫ್‌ಸೆಟ್ ಅಂದ್ರೆ ಸ್ಟ್ರಕ್ಚರ್ ಶುರುವಿಂದ ಅದು ಎಷ್ಟು ಬೈಟ್ ದೂರ ಇದೆ ಅನ್ನೋದು.

ಈಗ ಇದಕ್ಕೆ ಒಬ್ರು ಪ್ಯಾಚ್ ಕಳಿಸ್ತಾರೆ ಅಂತ ಅಂದ್ಕೊಳ್ಳಿ. ಹಳೇ ಹೆಸರು ಸಿಗ್ಲಿಲ್ಲ ಅಂದ್ರೆ ಹೊಸ ಹೆಸರಲ್ಲಿ ಹುಡುಕು, ಅಷ್ಟೇ, ಎರಡು ಸಾಲು. ನಿಮ್ಮ ಇಂಟೆಲ್ ಲ್ಯಾಪ್‌ಟಾಪಲ್ಲಿ ಹಾಕಿ ನೋಡ್ತೀರ, ಎರರ್ ಹೋಯ್ತು, ಪಿಎಸ್ ಕೊಟ್ರೆ ಟಾಸ್ಕ್‌ಗಳೆಲ್ಲ ಚೆನ್ನಾಗಿ ಬರ್ತಿವೆ, ಸ್ಟೇಟ್ ಕಾಲಮ್ಮಲ್ಲಿ ಆರ್‌ಯು (ಓಡ್ತಿದೆ), ಐಎನ್ (ಎಬ್ಬಿಸಬಹುದಾದ ನಿದ್ದೆ), ಯುಎನ್ (ಎಬ್ಬಿಸಕ್ಕಾಗದ ನಿದ್ದೆ) ಎಲ್ಲ ಸರಿ ಇದೆ. ಓಕೆ ಅಂದ್ಬಿಡ್ತೀರಾ?

ಅಲ್ಲೇ ಸಿಕ್ಕಾಕೊಳ್ಳೋದು. ಅದೇ ಕರ್ನಲ್ ಕಮಿಟ್ಟಲ್ಲಿ ಟೈಪೂ ಬದಲಾಗಿದೆ, ಲಾಂಗ್ ಹೋಗಿ ಅನ್‌ಸೈನ್ಡ್ ಇಂಟ್ ಆಗಿದೆ, ಅಂದ್ರೆ 64 ಬಿಟ್ ಮಷೀನಲ್ಲಿ 8 ಬೈಟ್ ಇದ್ದಿದ್ದು 4 ಬೈಟ್ ಆಯ್ತು. ಪ್ಯಾಚ್ ಹೆಸರು ಮಾತ್ರ ಬದಲಾಯಿಸಿ ಇನ್ನೂ 8 ಬೈಟೇ ಓದ್ತಿದ್ರೆ ಪಕ್ಕದ 4 ಬೈಟೂ ಸೇರ್ಕೊಂಡು ಬರುತ್ತೆ.

ಹಂಗಾದ್ರೆ ನನ್ ಮಷೀನಲ್ಲಿ ಹೆಂಗೆ ಸರಿ ಬಂತು?

ಪುಣ್ಯ. ಪಕ್ಕದ 4 ಬೈಟಲ್ಲಿ ಯಾವ ಫೀಲ್ಡೂ ಇಲ್ಲ, ಮುಂದಿನ ಪಾಯಿಂಟರ್ ಸರಿಯಾದ ಜಾಗದಲ್ಲಿ ಕೂರಕ್ಕೆ ಕಂಪೈಲರ್ ಬಿಟ್ಟ ಖಾಲಿ ಜಾಗ ಅದು, ಅಲ್ಲಿ ಸೊನ್ನೆ ಇದ್ರೆ ಇಂಟೆಲ್ ಥರದ ಲಿಟಲ್ ಎಂಡಿಯನ್ (ನಂಬರಿನ ಕೆಳಗಿನ ಬೈಟ್ ಮೊದ್ಲು ಇಡೋ) ಮಷೀನಲ್ಲಿ 8 ಬೈಟ್ ಓದಿದ್ರೂ ಅದೇ ನಂಬರ್ ಬರುತ್ತೆ. ಆದ್ರೆ ಎಸ್390ಎಕ್ಸ್ ಇದ್ಯಲ್ಲ, ಐಬಿಎಂ ಮೇನ್‌ಫ್ರೇಮು, ಅದು ಬಿಗ್ ಎಂಡಿಯನ್, ಮೇಲಿನ ಬೈಟ್ ಮೊದ್ಲು. ಅಲ್ಲಿ ಇದೇ ಓದು ಓದಿದ್ರೆ ಸ್ಟೇಟಿನ 4 ಬೈಟ್ ಮೇಲಿನ ಅರ್ಧಕ್ಕೆ ಹೋಗಿ ಕೂರುತ್ತೆ, 1 ಇರ್ಬೇಕಾದ್ದು 4294967296 ಆಗುತ್ತೆ, 2 ಇರ್ಬೇಕಾದ್ದು ಅದರ ಡಬಲ್. ಯಾವ ಸ್ಟೇಟಿಗೂ ಹೊಂದಲ್ಲ.

ಇನ್ನೂ ಮಜಾ ಏನು ಅಂದ್ರೆ 5.15ರಲ್ಲಿ ಆರ್‌ಟಿ (ರಿಯಲ್ ಟೈಮ್) ಕರ್ನಲ್‌ಗೆ ಅಂತ ಸೇವ್ಡ್ ಸ್ಟೇಟ್ ಅನ್ನೋ ಇನ್ನೊಂದು ಫೀಲ್ಡನ್ನ ಸರಿಯಾಗಿ ಆ ಖಾಲಿ ಜಾಗಕ್ಕೇ ತಂದಿಟ್ರು. ಆವಾಗ ಆರ್‌ಟಿ ಕರ್ನಲ್ ಇದ್ರೆ ಇಂಟೆಲ್ ಮಷೀನಲ್ಲೂ ಲಾಕಿಗೆ ಕಾಯ್ತಾ ಮಲಗಿರೋ ಟಾಸ್ಕ್‌ಗಳ ಸ್ಟೇಟ್ ಮಾತ್ರ ಕೆಡಬಹುದು, ಬೇರೆದೆಲ್ಲ ಸರಿ. ಹ್ಯಾಂಗ್ ಆದ ಮಷೀನಲ್ಲಿ ನೀವು ಮೊದಲು ಕೊಡೋ ಕಮಾಂಡ್ ಯಾವ್ದು? ಫೋರ್‌ಈಚ್ ಯುಎನ್ ಬಿಟಿ, ಅಂದ್ರೆ ಎಬ್ಬಿಸಕ್ಕಾಗದಂಗೆ ಮಲಗಿರೋ ಟಾಸ್ಕ್‌ಗಳ ಸ್ಟ್ಯಾಕ್ ತೋರ್ಸು ಅಂತ. ಯಾವ ಟಾಸ್ಕ್ ಹುಡುಕ್ತಿದೀರೋ ಅದೇ ಟಾಸ್ಕ್ ಆ ಪಟ್ಟೀಲಿ ಇಲ್ದೇ ಹೋಗ್ಬಹುದು, ಎರರ್ರೂ ಇರಲ್ಲ, ನೀವು "ಇಲ್ಲೇನೂ ಇಲ್ಲ" ಅಂತ ಬೇರೆ ಕಡೆ ಹುಡುಕಕ್ಕೆ ಹೋಗ್ತೀರ.

ಹಾಗಾಗಿ ಸರಿಯಾದ ಫಿಕ್ಸು ಹೆಸರಿನ ಜೊತೆ ಫೀಲ್ಡಿನ ಸೈಜನ್ನೂ ಡೀಬಗ್ ಮಾಹಿತಿಯಿಂದ (ಆ ಕರ್ನಲ್ ಕಂಪೈಲ್ ಆದಾಗ ಜೊತೆಗೆ ಬಂದ ಸ್ಟ್ರಕ್ಚರ್, ಟೈಪುಗಳ ವಿವರ) ತಗೊಂಡು, 8 ಇದ್ರೆ ಲಾಂಗ್ ಥರ ಓದು, ಇಲ್ಲಾಂದ್ರೆ ಇಂಟ್ ಥರ ಓದು ಅಂತ ಎರಡು ದಾರಿ ಇಡ್ಬೇಕು. ಹಳೇ ಕರ್ನಲ್ ಡಂಪೂ ಇದೇ ಟೂಲಲ್ಲಿ ತೆಗೀಬೇಕಲ್ಲ.

ಎರರ್ ಹೋಯ್ತು ಅಂದ್ರೆ ಫಿಕ್ಸ್ ಆಯ್ತು ತಾನೇ?

ಇಲ್ಲ, ಇಲ್ಲ. ಈ ಪೇಜಲ್ಲಿ ನಾನು ಒಂದೇ ಒಂದು ವಿಷಯಕ್ಕೆ ಜಗಳ ಆಡೋದಾದ್ರೆ ಇದಕ್ಕೇ. ಆಫ್‌ಸೆಟ್ ಗೊತ್ತಿಲ್ಲ ಅಂದಾಗ ಮೈನಸ್ ಒಂದು ಅಂತ ಇಟ್ಕೊಂಡು ಅದನ್ನ ಬಳಸಕ್ಕೆ ಹೋದ ತಕ್ಷಣ ಕಿರುಚಿ ನಿಲ್ಲೋ ಹಂಗೆ ಕ್ರ್ಯಾಶ್‌ನ ಕಟ್ಟಿದಾರೆ, ಅದು ಬೇಕಂತಲೇ ಮಾಡಿದ್ದು. ಎರರ್ ಬಂದ್ರೆ ನೋಡ್ತಿರೋನಿಗೆ ಟೂಲಿಗೆ ಗೊತ್ತಿಲ್ಲ ಅಂತ ಗೊತ್ತಾಗುತ್ತೆ. ತಪ್ಪು ನಂಬರ್ ಬಂದ್ರೆ ಅವನು ಅದನ್ನ ನಂಬ್ತಾನೆ, ಆ ನಂಬರ್ ಹಿಡ್ಕೊಂಡು ಮೂರು ದಿನ ಸುತ್ತುತಾನೆ, ಕೊನೆಗೆ ಕಸ್ಟಮರ್‌ಗೂ ಅದನ್ನೇ ಬರೆದು ಕಳಿಸ್ತಾನೆ.

ಎರರ್ ಬರೋ ಜಾಗದಲ್ಲಿ "ಮೆಂಬರ್ ಇಲ್ಲಾಂದ್ರೆ ಸುಮ್ನೆ ರಿಟರ್ನ್" ಅಂತ ಹಾಕಿರೋ ಪ್ಯಾಚ್ ಬಂದ್ರೆ ಆ ಫಂಕ್ಷನ್ ಕರೆಯೋರನ್ನೆಲ್ಲ ಹುಡುಕಿ ನೋಡಿ, ಅವರಿಗೆ ಸೊನ್ನೆ ಬಂದ್ರೆ ಏನ್ ಮಾಡ್ತಾರೆ ಅಂತ.

ಕರ್ನಲ್ ವರ್ಷನ್ ನೋಡಿ ಇಫ್ ಹಾಕಿದ್ರೆ ಸುಲಭ ಅಲ್ವಾ? 5.14 ಅಥವಾ ಮೇಲಿದ್ರೆ ಹಿಂಗೆ, ಇಲ್ಲಾಂದ್ರೆ ಹಂಗೆ.

ಸುಲಭ, ಆದ್ರೆ ಸುಮಾರು ಸಲ ತಪ್ಪು. ಡಿಸ್ಟ್ರೋದೋರು (ರೆಡ್‌ಹ್ಯಾಟ್ ಥರ ಲಿನಕ್ಸ್ ಕಟ್ಟಿ ಕೊಡೋರು) ಹಳೇ ನಂಬರ್ ಇಟ್ಕೊಂಡೇ ಹೊಸ ಕೋಡ್ ಒಳಗೆ ತುಂಬ್ತಾ ಹೋಗ್ತಾರೆ. ರೆಡ್‌ಹ್ಯಾಟ್ 7 ಅಂದ್ರೆ ಕೊನೇವರ್ಗೂ 3.10, ರೆಡ್‌ಹ್ಯಾಟ್ 8 ಅಂದ್ರೆ 4.18, ಹೊರಗಿನ ಬೋರ್ಡ್ ಹಳೇದು, ಒಳಗಡೆ ಎಷ್ಟೋ ಸಬ್‌ಸಿಸ್ಟಂ ಹೊಸದು. ನಂಬರ್ ನಂಬ್ಕೊಂಡ್ರೆ ಅಲ್ಲೆಲ್ಲ ಎಡವ್ತೀರ. ಅದಕ್ಕೆ ಮೊದಲ ಆಯ್ಕೆ ಯಾವಾಗ್ಲೂ "ಈ ಸ್ಟ್ರಕ್ಚರಲ್ಲಿ ಈ ಮೆಂಬರ್ ಇದ್ಯಾ" ಅಂತ ಡೀಬಗ್ ಮಾಹಿತೀನೇ ಕೇಳೋದು, ಇಲ್ಲಾ ಯಾವ್ದೋ ಸಿಂಬಲ್ (ಫಂಕ್ಷನ್ ಅಥವಾ ವೇರಿಯಬಲ್ ಹೆಸರು) ಇದ್ಯಾ ಅಂತ ನೋಡೋದು.

ವರ್ಷನ್ ಚೆಕ್ ಬೇಕೇ ಬೇಕು ಅನ್ನೋ ಸಂದರ್ಭಾನೂ ಇದೆ, ಸ್ಟ್ರಕ್ಚರ್ ಹಂಗೇ ಇದ್ದು ಅದರೊಳಗಿನ ಬಿಟ್‌ಗಳ ಅರ್ಥ ಮಾತ್ರ ಬದಲಾದಾಗ ಬೇರೆ ದಾರಿ ಇರಲ್ಲ. 5.7ರಲ್ಲಿ ಸ್ಲಬ್ (ಸ್ಲ್ಯಾಬಿನ ಒಂದು ಬಗೆ) ಫ್ರೀಲಿಸ್ಟ್, ಅಂದ್ರೆ ಖಾಲಿ ತುಂಡುಗಳ ಪಟ್ಟಿ, ಅದರ ಪಾಯಿಂಟರನ್ನ ಮರೆಮಾಚೋವಾಗ ಬೈಟ್‌ಗಳನ್ನ ತಿರುಗಿಸಿ ಇಡಕ್ಕೆ ಶುರು ಮಾಡಿದ್ರು, ಅದು ಯಾವ ಸ್ಟ್ರಕ್ಚರ್ ನೋಡಿದ್ರೂ ಕಾಣಲ್ಲ. ಅಂಥ ಕಡೆ ಎರಡೂ ಥರ ಬಿಚ್ಚಿ ನೋಡಿ ಯಾವ್ದು ಸರಿಯಾದ ಅಡ್ರೆಸ್ ಕೊಡುತ್ತೆ ಅಂತ ಪರೀಕ್ಷೆ ಮಾಡೋ ಕೋಡ್ ಬಂದ್ರೆ ನನಗೆ ಖುಷಿ, ಬರೀ ನಂಬರ್ ನೋಡಿದ್ರೆ ಒಂದು ಪ್ರಶ್ನೆ ಕೇಳೇ ಕೇಳ್ತೀನಿ.

ಹೊಸ ಆಫ್‌ಸೆಟ್‌ನ ಕ್ರ್ಯಾಶ್‌ನ ಆಫ್‌ಸೆಟ್ ಟೇಬಲ್ ಕೊನೇಲೇ ಸೇರಿಸಿ ಅಂತ ಯಾಕೆ ಹಠ? ಸಂಬಂಧಪಟ್ಟ ಫೀಲ್ಡ್ ಪಕ್ಕದಲ್ಲಿಟ್ರೆ ನೀಟಾಗಿರುತ್ತಲ್ಲ.

ನೀಟಾಗಿರುತ್ತೆ, ಆದ್ರೆ ಕ್ರ್ಯಾಶ್‌ಗೆ ಹೊರಗಿಂದ ಎಕ್ಸ್‌ಟೆನ್ಷನ್ ಮಾಡ್ಯೂಲ್ ಲೋಡ್ ಮಾಡೋ ಜನ ಇದಾರೆ, ಅವು ಹಳೇ ಹೆಡರ್ ಇಟ್ಕೊಂಡು ಕಂಪೈಲ್ ಆಗಿರುತ್ವೆ. ನೀವು ಮಧ್ಯದಲ್ಲಿ ಒಂದು ಎಂಟ್ರಿ ತೂರಿಸಿದ್ರೆ ಅಲ್ಲಿಂದ ಕೆಳಗಿನದೆಲ್ಲ 8 ಬೈಟ್ ಜರುಗುತ್ತೆ, ಪಾಪ ಆ ಮಾಡ್ಯೂಲು ಬೇರೆ ಯಾವ್ದೋ ಆಫ್‌ಸೆಟ್ ಓದ್ಕೊಂಡು ಕಸ ತೋರಿಸುತ್ತೆ. ಕರ್ನಲ್‌ನೋರು ನಮಗೆ ಮಾಡೋದನ್ನ ನಾವು ಇನ್ನೊಬ್ಬರಿಗೆ ಮಾಡ್ದಂಗೆ ಆಗುತ್ತೆ. ಕೊನೇಲಿ ಸೇರಿಸಿದ್ರೆ ಈ ರಗಳೆ ಇಲ್ಲ.

ಜೊತೆಗೆ ಹೆಲ್ಪ್ ಕಮಾಂಡಿಗೆ ಓ ಆಪ್ಷನ್ ಕೊಟ್ರೆ ಆಫ್‌ಸೆಟ್‌ಗಳೆಲ್ಲ ಪ್ರಿಂಟ್ ಆಗುತ್ತಲ್ಲ, ಆ ಫಂಕ್ಷನ್ನಿಗೂ ಹೊಸ ಎಂಟ್ರಿ ಸೇರಿಸಿದಾರಾ ನೋಡಿ. ಹತ್ತರಲ್ಲಿ ಮೂರ್ನಾಲ್ಕು ಪ್ಯಾಚಲ್ಲಿ ಮರ್ತಿರ್ತಾರೆ, ನಾನೂ ಮರ್ತಿದೀನಿ.

ರೀಡ್‌ಮೆಮ್ (ಡಂಪಿಂದ ಮೆಮೊರಿ ಓದೋ ಫಂಕ್ಷನ್) ಕರೆಯೋ ಕಡೆ ಏನ್ ನೋಡ್ಬೇಕು?

ಕೊನೇ ಆರ್ಗ್ಯುಮೆಂಟು. ಫಾಲ್ಟ್ ಆನ್ ಎರರ್ ಅಂತಿದ್ರೆ ಆ ಅಡ್ರೆಸ್ ಓದಕ್ಕಾಗ್ಲಿಲ್ಲ ಅಂದ ತಕ್ಷಣ ಇಡೀ ಕಮಾಂಡ್ ಬಿಟ್ಟು ಪ್ರಾಂಪ್ಟಿಗೆ ಜಿಗಿಯುತ್ತೆ. ರಿಟರ್ನ್ ಆನ್ ಎರರ್ ಅಂತಿದ್ರೆ ಫೇಲ್ ಆಗಿದೆ ಅಂತ ಹೇಳಿ ವಾಪಸ್ ಬರುತ್ತೆ, ಮುಂದಿನದು ಕರೆದೋನ ಜವಾಬ್ದಾರಿ. ಈಗ ಯೋಚನೆ ಮಾಡಿ, 4000 ಟಾಸ್ಕ್ ಇರೋ ಡಂಪಲ್ಲಿ ಪಿಎಸ್ ಕೊಟ್ರಿ, 17ನೇ ಟಾಸ್ಕಿನ ಮೆಮೊರಿ ಕೆಟ್ಟಿದೆ, ಫಾಲ್ಟ್ ಆನ್ ಎರರ್ ಇದ್ರೆ ಉಳಿದ 3983 ಕಾಣೋದೇ ಇಲ್ಲ. ಲೂಪ್ ಒಳಗಿದ್ರೆ ಒಂದು ಕೆಟ್ಟಿದ್ದಕ್ಕೆ ಎಲ್ಲ ಬಿಡ್ಬಾರ್ದು.

ಹಂಗಂತ ಎಲ್ಲಾ ಕಡೆ ರಿಟರ್ನ್ ಆನ್ ಎರರ್ ಹಾಕಿ, ವಾಪಸ್ ಬಂದ ವ್ಯಾಲ್ಯೂ ಚೆಕ್ ಮಾಡ್ದೆ ಬಿಟ್ರೆ ಇನ್ನೂ ಕೆಟ್ಟದು, ಬಫರಲ್ಲಿ ಇದ್ದಿದ್ದ ಸೊನ್ನೆನೇ ಉತ್ತರ ಅಂತ ಪ್ರಿಂಟ್ ಆಗುತ್ತೆ. ಟೂಲ್ ಶುರುವಾಗೋವಾಗ ಓಡೋ ಇನಿಟ್ ಫಂಕ್ಷನ್‌ಗಳಲ್ಲಿ ಇನ್ನೂ ಹುಷಾರು, ಅಲ್ಲಿ ಫೇಟಲ್ ಎರರ್ ಬಂದ್ರೆ ಪ್ರಾಂಪ್ಟೇ ಬರಲ್ಲ, ಸೀದಾ ಆಚೆ. ಸ್ವ್ಯಾಪ್ ಮಾಹಿತಿ ಓದಕ್ಕಾಗ್ಲಿಲ್ಲ ಅಂತ ಬ್ಯಾಕ್‌ಟ್ರೇಸೂ ನೋಡಕ್ಕೆ ಬಿಡ್ದೆ ಇರೋದು ಯಾವ ನ್ಯಾಯ? ಮಿನಿಮಲ್ ಅಂತ ಒಂದು ಮೋಡ್ ಇದೆ, ಅದ್ರಲ್ಲಿ ಲಾಗು, ಡಿಸ್‌ಅಸೆಂಬ್ಲಿ, ಮೆಮೊರಿ ಓದೋದು ಇಷ್ಟಾದ್ರೂ ಸಿಗುತ್ತೆ, ಆದ್ರೆ ಅದು ಕೊನೇ ದಾರಿ.

ಕೆಟ್ಟ ಮೆಮೊರಿ ಬಗ್ಗೆ ಯಾಕಿಷ್ಟು ಭಯ? ಡಂಪ್ ಅಂದ್ರೆ ಇದ್ದಂಗೇ ಇರುತ್ತಲ್ಲ.

ಆ ಕರ್ನಲ್ ಸತ್ತಿದೆ ಸ್ವಾಮಿ, ಆರೋಗ್ಯವಾಗಿದ್ದಿದ್ರೆ ಡಂಪ್ ಯಾಕೆ ಬರ್ತಿತ್ತು? ಯಾವ್ದೋ ಡ್ರೈವರ್ ಮೆಮೊರಿ ತುಳಿದು ಲಿಂಕ್ಡ್ ಲಿಸ್ಟ್ ಹಾಳಾಗೇ ಪ್ಯಾನಿಕ್ ಆಗಿರ್ಬಹುದು, ಆ ಲಿಸ್ಟನ್ನೇ ನಿಮ್ಮ ಹೊಸ ಕೋಡ್ ನಡ್ಕೊಂಡು ಹೋಗುತ್ತೆ. ನೆಕ್ಸ್ಟ್ ಪಾಯಿಂಟರ್ ತನ್ನನ್ನೇ ತೋರಿಸ್ತಿದ್ರೆ? ಎರಡು ನೋಡ್ ಒಂದನ್ನೊಂದು ತೋರಿಸ್ತಾ ಕೂತಿದ್ರೆ? ಕೊನೇ ನೋಡ್ ಬಂತಾ ಅಂತ ಮಾತ್ರ ನೋಡೋ ವೈಲ್ ಲೂಪು ಅಲ್ಲಿ ಸಾಯೋವರ್ಗೂ ಸುತ್ತುತ್ತೆ. ಕ್ರ್ಯಾಶ್ ಒಳಗೆ ಇದಕ್ಕೆ ಅಂತಲೇ ಹ್ಯಾಶ್ ಕ್ಯೂ ಇದೆ, ನೋಡಿದ ಅಡ್ರೆಸ್ ಎಲ್ಲ ಹಾಕ್ತಾ ಹೋದ್ರೆ ಎರಡನೇ ಸಲ ಬಂದಾಗ "ಇದು ಆಗ್ಲೇ ಬಂದಿತ್ತು" ಅಂತ ಹೇಳುತ್ತೆ. ಲಿಸ್ಟು, ಆರ್‌ಬಿ ಟ್ರೀ, ಎಕ್ಸ್‌ಅರೇ, ಮೇಪಲ್ ಟ್ರೀ ಎಲ್ಲದಕ್ಕೂ ನಡೆಯೋ ಫಂಕ್ಷನ್ ಆಗ್ಲೇ ಇದೆ, ಪ್ಯಾಚಲ್ಲಿ ಸ್ವಂತ ಲೂಪ್ ಬರೆದಿದ್ರೆ ಇರೋದನ್ನ ಯಾಕೆ ಬಳಸ್ಲಿಲ್ಲ ಅಂತ ಕೇಳಿ. ಹಾಗೇ ಡಂಪಿಂದ ಓದಿದ ಯಾವ ಕೌಂಟನ್ನೂ ನಂಬಿ ಅಷ್ಟು ದೊಡ್ಡ ಬಫರ್ ತಗೋಬಾರ್ದು, ಕೆಟ್ಟ ಡಂಪಲ್ಲಿ ಆ ಕೌಂಟ್ ಮುನ್ನೂರು ಕೋಟಿ ಇರ್ಬಹುದು.

"ಪೇಜ್ ಎಕ್ಸ್‌ಕ್ಲೂಡೆಡ್" ಅಂತ ಬರ್ತಿದೆ, ಇದೂ ಪ್ಯಾಚ್ ತಪ್ಪಾ?

ಸಾಮಾನ್ಯವಾಗಿ ಅಲ್ಲ. ಡಂಪ್ ದೊಡ್ಡದಾಗ್ಬಾರ್ದು ಅಂತ ಮೇಕ್‌ಡಂಪ್‌ಫೈಲ್ ಒಂದಿಷ್ಟು ಪೇಜ್ ಬಿಟ್ಟಿರುತ್ತೆ. ಡಂಪ್ ಲೆವೆಲ್ ಅಂದ್ರೆ ಕೂಡ್ಸೋ ಲೆಕ್ಕ, ಸೊನ್ನೆ ಪೇಜಿಗೆ 1, ಕ್ಯಾಶಿಗೆ 2 ಮತ್ತು 4, ಯೂಸರ್ ಪೇಜಿಗೆ 8, ಫ್ರೀ ಪೇಜಿಗೆ 16, ಎಲ್ಲಾ ಬಿಡು ಅಂದ್ರೆ 31. ಫ್ರೀ ಪೇಜ್ ಬಿಟ್ಟಿರೋ ಡಂಪಲ್ಲಿ ಫ್ರೀ ಪೇಜ್ ಓದಕ್ಕೆ ಹೋದ್ರೆ ಇರಲ್ಲ ಅಷ್ಟೇ. ಆದ್ರೆ ಪ್ಯಾಚ್ ಹಾಕಿದ್ಮೇಲೆ ಮಾತ್ರ ಇದು ಬರಕ್ಕೆ ಶುರುವಾಗಿದ್ರೆ ಅನುಮಾನ ಪಡಿ, ಆಫ್‌ಸೆಟ್ ತಪ್ಪಿ ಯಾವ್ದೋ ಕಸದ ಪಾಯಿಂಟರ್ ಹಿಡ್ಕೊಂಡು ಎಲ್ಲಿಗೋ ಹೋಗಿರುತ್ತೆ.

ಟೆಸ್ಟಿಗೆ ಡಂಪ್ ಎಲ್ಲಿಂದ ತರ್ಲಿ?

ವರ್ಚುವಲ್ ಮಷೀನ್ ಇಟ್ಕೊಳ್ಳಿ. ಒಳಗಡೆ ಕೆಡಂಪ್ ಸೆಟ್ ಮಾಡಿ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲಿಗೆ ಸಿ ಅಕ್ಷರ ಬರೆದ್ರೆ ಕರ್ನಲ್ ಅಲ್ಲೇ ಬೀಳುತ್ತೆ (ಯಾವ ಟರ್ಮಿನಲ್ ಅಂತ ಎರಡು ಸಲ ನೋಡ್ಕೊಂಡು ಬರೀರಿ, ಪ್ರೊಡಕ್ಷನ್ ಸರ್ವರಲ್ಲಿ ಬರೆದೋರನ್ನ ನಾನು ಕಂಡಿದೀನಿ). ಇಲ್ಲಾಂದ್ರೆ ಹೊರಗಿಂದ ವರ್ಶ್ (ವರ್ಚುವಲ್ ಮಷೀನ್ ನೋಡ್ಕೊಳ್ಳೋ ಟೂಲು) ಡಂಪ್ ಕಮಾಂಡಿಗೆ ಮೆಮೊರಿ ಓನ್ಲಿ ಅಂತ ಕೊಟ್ಟು ತಗೋಬಹುದು. ಓಡ್ತಿರೋ ಮಷೀನ್ ಮೇಲೇ ಕ್ರ್ಯಾಶ್ ಹಾಕಿ ನೋಡೋದೂ ಆಗುತ್ತೆ, ಆದ್ರೆ ಅಲ್ಲಿ ನೀವು ನೋಡ್ತಿರೋವಾಗ್ಲೇ ಡೇಟಾ ಬದಲಾಗ್ತಿರುತ್ತೆ, ಒಂದು ಸಲ ಬಂದ ಎರರ್ ಇನ್ನೊಂದು ಸಲ ಬರ್ದೇ ಇದ್ರೆ ತಲೆ ಕೆಡಿಸ್ಕೋಬೇಡಿ.

ಕಸ್ಟಮರ್ ಡಂಪನ್ನ ಮಾತ್ರ ಆಚೆ ಯಾರಿಗೂ ಕಳಿಸ್ಬೇಡಿ. 31 ಲೆವೆಲಲ್ಲಿ ಯೂಸರ್ ಪೇಜ್ ತೆಗೆದಿದೀವಿ, ಏನೂ ಇರಲ್ಲ ಅಂತಾರೆ, ಕರ್ನಲ್‌ನ ಸ್ಲ್ಯಾಬ್ ಒಳಗೆ ಕೀಗಳು, ನೆಟ್‌ವರ್ಕ್ ಬಫರ್‌ಗಳು ಎಲ್ಲ ಕೂತಿರುತ್ತೆ. ಪ್ಯಾಚ್ ಜೊತೆ ಔಟ್‌ಪುಟ್ ಅಂಟಿಸೋವಾಗ್ಲೂ ಹೋಸ್ಟ್ ಹೆಸರು ಅಳಿಸಿ.

ಎಷ್ಟು ಹಳೇ ಕರ್ನಲ್‌ವರ್ಗೂ ಟೆಸ್ಟ್ ಮಾಡ್ಬೇಕು?

ಈ ಟೂಲಿನ ಪಾಲಿಸಿ ಪ್ರಕಾರ 2.2.5 ಕರ್ನಲ್‌ವರ್ಗೂ ಹಿಂದಕ್ಕೆ ಹೋಗ್ಬೇಕು, ಅದು 1999ರ ಕಾಲದ್ದು, ಅಷ್ಟು ಹಳೇ ಡಂಪ್ ನಿಮ್ಹತ್ರ ಇರಲ್ಲ ಬಿಡಿ. ವಾಸ್ತವವಾಗಿ ನಾನ್ ಮಾಡೋದು, 3.10ದು ಒಂದು, 4.18ದು ಒಂದು, ಬದಲಾವಣೆ ಆಗೋಕೆ ಸ್ವಲ್ಪ ಮುಂಚಿನ ಕರ್ನಲ್ ಒಂದು, ಬದಲಾದ್ಮೇಲಿಂದು ಒಂದು, ಅಪ್‌ಸ್ಟ್ರೀಮ್ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷೆ ಕರ್ನಲ್) ಒಂದು. ಅದ್ರ ಜೊತೆ ಆರ್ಮ್64 ಒಂದಾದ್ರೂ. ಪ್ಯಾಚ್ ಹಾಕೋ ಮುಂಚೆ ಹಾಕಿದ್ಮೇಲೆ ಎರಡೂ ಔಟ್‌ಪುಟ್ ಫೈಲಿಗೆ ಹಾಕಿ ಡಿಫ್ (ಎರಡರ ವ್ಯತ್ಯಾಸ) ಮಾಡಿ, ಹಳೇ ಕರ್ನಲ್‌ಗಳಲ್ಲಿ ಡಿಫ್ ಖಾಲಿ ಬರ್ಬೇಕು. ಒಂದೇ ಒಂದು ಸಾಲು ಬಂದ್ರೂ ಯಾಕೆ ಅಂತ ಉತ್ತರ ಬೇಕು. ಬಿಲ್ಡ್ ಮಾಡೋವಾಗ ಮೇಕ್ ವಾರ್ನ್ ಅಂತ ಕೊಡಿ, ವಾರ್ನಿಂಗ್‌ಗಳು ಕಾಣುತ್ವೆ.

ಪ್ಯಾಚ್ ಜಿಡಿಬಿ ಒಳಗೇ ಕೈ ಹಾಕಿದೆ, ಓದಕ್ಕೇ ಆಗ್ತಿಲ್ಲ.

ಯಾರಿಗೂ ಆಗಲ್ಲ. ಜಿಡಿಬಿ ಸೋರ್ಸ್ ಕ್ರ್ಯಾಶ್ ರೆಪೋದಲ್ಲಿ ಇರಲ್ಲ, ಬಿಲ್ಡ್ ಟೈಮಲ್ಲಿ ಟಾರ್‌ಬಾಲ್ ಬಂದು ಅದರ ಮೇಲೆ ಒಂದು ದೊಡ್ಡ ಪ್ಯಾಚ್ ಫೈಲ್ ಬೀಳುತ್ತೆ. ಹಾಗಾಗಿ ಬಂದಿರೋದು ಪ್ಯಾಚ್ ಫೈಲಿನ ಮೇಲಿನ ಪ್ಯಾಚು, ಪ್ಲಸ್ ಮೈನಸ್ ಎಲ್ಲ ಜೋಡಿ ಜೋಡಿ. ಕಣ್ಣಲ್ಲಿ ಓದಕ್ಕೆ ಹೋಗ್ಬೇಡಿ, ಎರಡೂ ಬಿಲ್ಡ್ ಮಾಡಿ ಜಿಡಿಬಿ ಡೈರೆಕ್ಟರಿಗಳ ಡಿಫ್ ತೆಗೆದು ಓದಿ. ಹೊಸದಾಗಿ ಬಿಲ್ಡ್ ಮಾಡಿ ಅನ್ನೋದು ಮರೀಬೇಡಿ, ಹಳೇ ಟ್ರೀಲಿ ಮೇಕ್ ಕೊಟ್ಟು ಫಿಕ್ಸ್ ಕೆಲಸ ಮಾಡ್ತಿಲ್ಲ ಅಂತ ಬರೆಯೋದು ಬೇಡ. ಕ್ರ್ಯಾಶ್ 8.0.0ರಲ್ಲಿ ಜಿಡಿಬಿ 7.6ರಿಂದ 10.2ಕ್ಕೆ ಹೋಯ್ತು, 9.0.0ರಲ್ಲಿ 16.2ಕ್ಕೆ, ಪ್ರತಿ ಸಲ ಈ ಫೈಲನ್ನ ಹೊಸದಾಗಿ ಹೊಂದಿಸಿದೋರಿಗೆ ದೊಡ್ಡ ನಮಸ್ಕಾರ.

ನೀವೇನಾದ್ರೂ ತಪ್ಪು ಪ್ಯಾಚಿಗೆ ಓಕೆ ಅಂದಿದೀರಾ?

ಅಂದಿದೀನಿ. ಹಳೇ ಕೆಲಸದಲ್ಲಿ ನಮ್ಮದೇ ಒಂದು ಎಕ್ಸ್‌ಟೆನ್ಷನ್ ಇತ್ತು, ಪ್ರತಿ ಪ್ರಾಸೆಸ್ ಎಷ್ಟು ಮೆಮೊರಿ ತಿಂದಿದೆ ಅಂತ ಪಟ್ಟಿ ಕೊಡೋದು. 6.2 ಬಂದ್ಮೇಲೆ ಅದು ಕೈಕೊಡ್ತು, ಒಬ್ಬ ಜೂನಿಯರ್ ಹುಡುಗ ಫಿಕ್ಸ್ ಮಾಡಿ ತಂದ, ಆರ್‌ಎಸ್‌ಎಸ್ ಈಗ ಪರ್‌ಸಿಪಿಯು ಕೌಂಟರ್ ಆಗಿದೆ ಅಣ್ಣ, ಅದರೊಳಗಿನ ಕೌಂಟ್ ಫೀಲ್ಡ್ ಓದಿದೀನಿ ಅಂದ. ನೋಡ್ದೆ, ಡೆವಲಪ್‌ಮೆಂಟ್ ಮಷೀನಲ್ಲಿ ನಂಬರ್ ಹತ್ತಿರ ಹತ್ತಿರ ಸರಿ ಇತ್ತು, ಓಕೆ ಅಂದೆ.

ಪರ್‌ಸಿಪಿಯು ಕೌಂಟರ್ ಅಂದ್ರೆ ಪ್ರತಿ ಸಿಪಿಯು ತನ್ನ ಚಿಲ್ಲರೆ ಲೆಕ್ಕ ತನ್ನ ಜೇಬಲ್ಲೇ ಇಟ್ಕೊಂಡು ಒಂದು ಮಿತಿ ದಾಟಿದಾಗ ಮಾತ್ರ ಮುಖ್ಯ ಕೌಂಟಿಗೆ ಹಾಕುತ್ತೆ. ಆ ಮಿತಿ ಎಷ್ಟು ಅಂದ್ರೆ 32, ಇಲ್ಲಾ ಸಿಪಿಯು ಸಂಖ್ಯೆಯ ಎರಡರಷ್ಟು, ಯಾವ್ದು ದೊಡ್ಡದೋ ಅದು. ನಮ್ಮ ಮಷೀನಲ್ಲಿ 4 ಸಿಪಿಯು. ಕಸ್ಟಮರ್ ಹತ್ರ ಇದ್ದ ಮಷೀನಲ್ಲಿ 64. ಅಂದ್ರೆ ಮಿತಿ 128, ಅಂಥ 64 ಜೇಬು, ಗುಣಿಸಿದ್ರೆ 8192 ಪೇಜು, 4 ಕೆಬಿ ಲೆಕ್ಕದಲ್ಲಿ 32 ಎಂಬಿ ಹತ್ತಿರ ತಪ್ಪಬಹುದು, ಒಂದೊಂದು ಪ್ರಾಸೆಸ್ಸಿಗೆ. ಸಣ್ಣ ಸಣ್ಣ ಪ್ರಾಸೆಸ್‌ಗಳೆಲ್ಲ ಸೊನ್ನೆ ಅಂತ ತೋರಿಸ್ತು, ಅಂಥವು ಸಾವಿರಾರು ಇದ್ವು, ಮೆಮೊರಿ ಖಾಲಿಯಾಗಿ ಬಿದ್ದ ಮಷೀನ್ ಅದು, ರಾತ್ರಿ ಡ್ಯೂಟೀಲಿದ್ದೋರು ಆ ಪಟ್ಟಿ ನೋಡಿ ಪ್ರಾಸೆಸ್‌ಗಳದ್ದೇನೂ ತಪ್ಪಿಲ್ಲ, ಕರ್ನಲ್ ಲೀಕೇ ಇರ್ಬೇಕು ಅಂತ ಎರಡು ರಾತ್ರಿ ಸ್ಲ್ಯಾಬ್ ಜಾಲಾಡಿದ್ರು. ಹುಡುಗನದ್ದಲ್ಲ, ತಪ್ಪು ನಂದು, ಕರ್ನಲ್ ಕಮಿಟ್ ತೆಗೆದು ಓದಿದ್ರೆ ಐದು ನಿಮಿಷದಲ್ಲಿ ಕಾಣ್ತಿತ್ತು. ಎಲ್ಲಾ ಸಿಪಿಯು ಜೇಬನ್ನೂ ಕೂಡಿಸೋ ಹಂಗೆ ಆಮೇಲೆ ಸರಿ ಮಾಡಿದ್ವಿ.

ನನಗೆ ಕರ್ನಲ್ ಅಷ್ಟು ಗೊತ್ತಿಲ್ಲ, ಸಿ ಕೂಡ ಸುಮಾರು. ರಿವ್ಯೂ ಮಾಡ್ಬಹುದಾ?

ಧಾರಾಳವಾಗಿ. ನಿಮ್ಹತ್ರ ಬೇರೆಯೋರ ಹತ್ರ ಇಲ್ದೇ ಇರೋ ಡಂಪ್ ಇದ್ರೆ ಅದೇ ದೊಡ್ಡ ಆಸ್ತಿ. ಐಬಿಎಂ ಪವರ್ ಮಷೀನಲ್ಲಿ ಹಾಕಿ ನೋಡ್ದೆ, ಇಂಥ ಕರ್ನಲ್ಲು, ಇಂಥ ಕಮಾಂಡು, ಮುಂಚೆ ಹಿಂಗೆ ಈಗ ಹಿಂಗೆ ಅಂತ ಬರೆದು ಟೆಸ್ಟೆಡ್ ಬೈ ಅಂತ ಹೆಸರು ಹಾಕಿ. ರಿವ್ಯೂಡ್ ಬೈ ಅಂತ ಮಾತ್ರ ಕೋಡ್ ನಿಜವಾಗ್ಲೂ ಓದಿದ್ರೆ ಹಾಕಿ, ಎರಡೂ ಬೇರೆ ಬೇರೆ.

ಕಾಮೆಂಟ್ ಬರೆಯೋವಾಗ ಎಷ್ಟು ಖಡಕ್ಕಾಗಿರ್ಬೇಕು?

ವಿಷಯಕ್ಕೆ ಖಡಕ್ಕು, ಮನುಷ್ಯನಿಗೆ ಮೃದು. "ಇದು ತಪ್ಪು" ಅಂತ ಬರೀಬೇಡಿ, "3.10 ಡಂಪಲ್ಲಿ ಈ ಮೆಂಬರ್ ಇರಲ್ಲ, ಆಗ ಈ ಸಾಲಲ್ಲಿ ಏನಾಗುತ್ತೆ" ಅಂತ ಕೇಳಿ. ಯಾವ್ದು ಸರಿ ಮಾಡ್ಲೇಬೇಕು, ಯಾವ್ದು ನಿಮ್ಮಿಷ್ಟ ಅಂತ ಬೇರೆ ಮಾಡಿ ಹೇಳಿ. ಟ್ಯಾಬು ಸ್ಪೇಸಿನ ಹದಿನೈದು ಕಾಮೆಂಟ್ ಮಧ್ಯೆ ಒಂದು ಸೈಜ್ ತಪ್ಪು ಹೂತಿಟ್ರೆ ಕಳಿಸಿದೋರು ಟ್ಯಾಬ್ ಸರಿ ಮಾಡಿ ವಾಪಸ್ ಕಳಿಸ್ತಾರೆ, ಸೈಜ್ ಅಲ್ಲೇ ಇರುತ್ತೆ.

ಈಗ ಡಿಆರ್‌ಜಿಎನ್ (ಡ್ರ್ಯಾಗನ್ ಅಂತಾರೆ, ಇದೂ ಡಂಪ್ ನೋಡೋ ಟೂಲು) ಬಂದಿದ್ಯಲ್ಲ, ಪೈಥಾನಲ್ಲೇ ಎಲ್ಲ ಬರೀಬಹುದು, ಇನ್ನೂ ಕ್ರ್ಯಾಶ್ ಯಾಕೆ?

ಡಿಆರ್‌ಜಿಎನ್ ಚೆನ್ನಾಗಿದೆ, ಸ್ಕ್ರಿಪ್ಟ್ ಬರೆಯೋ ಅಭ್ಯಾಸ ಇರೋರಿಗೆ ಅದೇ ವಾಸಿ, ನಾನೂ ಬಳಸ್ತೀನಿ. ಆದ್ರೆ ರಾತ್ರಿ ಎರಡು ಗಂಟೇಲಿ ಪರಿಚಯ ಇಲ್ದಿರೋ ಡಂಪ್ ತೆಗೆದು ಬಿಟಿ, ಪಿಎಸ್, ಲಾಗ್ ಅಂತ ಮೂರು ಕಮಾಂಡ್ ಕೊಟ್ರೆ ಚಿತ್ರ ಸಿಗೋದು ಕ್ರ್ಯಾಶಲ್ಲಿ. ಮತ್ತೆ ಸ್ಟೇಟ್ ಫೀಲ್ಡ್ ಬದಲಾದ್ರೆ ಡಿಆರ್‌ಜಿಎನ್‌ದಾದ್ರೂ ಹೆಲ್ಪರ್ ಬದಲಾಯಿಸ್ಲೇಬೇಕು, ಅಲ್ಲೂ ಯಾರಾದ್ರೂ ರಿವ್ಯೂ ಮಾಡ್ಲೇಬೇಕು. ಒಂದು ಉಪಯೋಗ ಹೇಳ್ತೀನಿ, ಕ್ರ್ಯಾಶ್ ಫಿಕ್ಸ್ ರಿವ್ಯೂ ಮಾಡೋವಾಗ ಅದೇ ಡಂಪನ್ನ ಡಿಆರ್‌ಜಿಎನ್‌ನಲ್ಲೂ ತೆಗೆದು ಎರಡರ ನಂಬರ್ ಹೊಂದುತ್ತಾ ನೋಡಿ, ಹೊಂದಲಿಲ್ಲ ಅಂದ್ರೆ ಎರಡರಲ್ಲಿ ಒಂದಕ್ಕೆ ನೀವೇ ಪ್ಯಾಚ್ ಬರೀಬೇಕಾಗುತ್ತೆ.